ಗುಳೆ ಹೋದ ಗಂಡ ಹೊಳ್ಳಿ ಬರದಿದ್ದರೆ?

ರಾಯಚೂರು: ಬೆಂಗಳೂರಿಗೆ ದುಡಿಲಿಕ್ಕೆ ಹೋದಾವ ಹೊಳ್ಳಿ ನೋಡಿಲ್ರಿ, ಮಕ್ಕಳ ಹೊಟ್ಟಿಗೆ ಏನ್ ಹಾಕ್ಲಿ? ದೇವದುರ್ಗ, ಮಾನ್ವಿ ಕಡೆ ಈ ಗೋಳು ಹೊಸದಲ್ಲ. ಹಿರಿಯರ ಪಂಚಾಯ್ತಿ ಕೂಡುತ್ತದೆ, ಏಳುತ್ತದೆ. ಹೆಣ್ಣುಮಗಳು ಮಾತ್ರ ತವರಿನಲ್ಲೇ ಉಳಿಯುತ್ತಾಳೆ.

ಹೊಟ್ಟೆಪಾಡಿನ ಮಾತು ಮೊದಲು. ಜೀವನಾಂಶದ ಹಳೆಯ 125ನೇ ಕಲಮು 2024ರ ಜುಲೈ 1ರಿಂದ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಮಾಗಿದೆ. ಯಾವ ಜಾತಿ, ಧರ್ಮದವಳಾದರೂ ತನಗೂ ಮಕ್ಕಳಿಗೂ ಕೇಳಬಹುದು. ಗಂಡನಿರುವ ಊರಿಗೆ ಅಲೆಯಬೇಕಿಲ್ಲ. ತಾನಿರುವ ಕಡೆಯ ಕೋರ್ಟಿನಲ್ಲೇ ಅರ್ಜಿ. ಕೇಸು ಮುಗಿಯುವ ತನಕ ಮಧ್ಯಂತರ ಜೀವನಾಂಶವೂ ಉಂಟು. ಆದೇಶವಾದ ಮೇಲೂ ಕೊಡದಿದ್ದರೆ ವಾರಂಟು, ಜೈಲು. ಆದರೆ ಬಾಕಿ ವಸೂಲಿಗೆ ವರ್ಷದೊಳಗೇ ಅರ್ಜಿ ಹಾಕಬೇಕು, ಮರೆತರೆ ಕೆಟ್ಟಿತು.

1955ರ ಹಿಂದೂ ವಿವಾಹ ಕಾಯ್ದೆಯಲ್ಲಿ ಗಂಡ-ಹೆಂಡತಿ ಇಬ್ಬರಿಗೂ ಎರಡು ದಾರಿ. ಬಾಳುವೆ ಬೇಕೆಂದರೆ 9ನೇ ಕಲಮಿನಡಿ ಸಂಸಾರಕ್ಕೆ ಮರಳುವಂತೆ ಆದೇಶ ಕೇಳಬಹುದು. ಸಾಕೆನಿಸಿದರೆ, ಸತತ ಎರಡು ವರ್ಷ ಕೈಬಿಟ್ಟ ಕಾರಣಕ್ಕೆ ವಿಚ್ಛೇದನ. ಬರೇ ದುಡಿಯಲು ಹೋದದ್ದು ಕೈಬಿಟ್ಟಂತಲ್ಲ. ಸಂಸಾರ ತೊರೆಯುವ ಮನಸ್ಸಿತ್ತೆಂದು ತೋರಿಸಬೇಕು. ಏಳು ವರ್ಷ ಬದುಕಿರುವ ಸುದ್ದಿಯೇ ಇಲ್ಲದಿದ್ದರೆ ಅದೂ ಕಾರಣವೇ.

ಪರಿಶಿಷ್ಟ ಪಂಗಡದವರಿಗೆ ಈ ಕಾಯ್ದೆ ಸಾಮಾನ್ಯವಾಗಿ ಅನ್ವಯಿಸದು; ಅವರ ರೂಢಿಯನ್ನು ನೋಡಬೇಕಾಗುತ್ತದೆ. ಜೀವನಾಂಶಕ್ಕೆ ಮಾತ್ರ ಆ ಅಡ್ಡಿಯಿಲ್ಲ.

ವಕೀಲರ ಫೀಸಿಗೆ ಅಂಜುವುದು ಬೇಡ. 1987ರ ಕಾನೂನು ಸೇವೆಗಳ ಕಾಯ್ದೆಯಂತೆ ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ, ವಕೀಲರ ನೆರವು ಪುಕ್ಕಟೆ. ರಾಯಚೂರಿನ ಜಿಲ್ಲಾ ಪ್ರಾಧಿಕಾರ ಇಲ್ಲವೇ ತಾಲೂಕು ಸಮಿತಿಯಲ್ಲಿ ಕೇಳಬೇಕು. ಮದುವೆ ಫೋಟೋ, ರೇಷನ್ ಕಾರ್ಡು, ಗಂಡ ದುಡಿಯುವ ಜಾಗದ ವಿಳಾಸ ಕೈಯಲ್ಲಿದ್ದರೆ ಅರ್ಧ ಕೆಲಸ ಆದಂತೆಯೇ.