ಬಟ್ಟಲು ಚಕ್ರ

ರಾತ್ರಿ ಪಾಠ ನಡೆದಿತ್ತು. ಕರೆಂಟು ಹೋಯಿತು. ಮೇಣದ ಬತ್ತಿ ಹಚ್ಚಿದೆವು. ಆಗ ಒಬ್ಬ ಅಕ್ಕ ಕೇಳಿದರು: "ನೀರಿನಿಂದ ಕರೆಂಟು ಬರುತ್ತಂತಲ್ಲ, ಅದು ಹೇಗೆ?"

ಬನ್ನಿ, ತಿಳಿಯೋಣ.

ಶಿವಮೊಗ್ಗ ಜಿಲ್ಲೆಯಲ್ಲಿ ಶರಾವತಿ ನದಿ ಇದೆ. ಲಿಂಗನಮಕ್ಕಿಯಲ್ಲಿ ಅದಕ್ಕೆ ಅಣೆಕಟ್ಟು ಕಟ್ಟಿದ್ದಾರೆ. 1964ರಲ್ಲಿ ಆ ಕೆಲಸ ಮುಗಿಯಿತು. ಮಳೆಗಾಲದ ನೀರು ಅಲ್ಲಿ ನಿಲ್ಲುತ್ತದೆ. ಮುಂದೆ ಅದು ದೊಡ್ಡ ಕೊಳವೆಗಳಲ್ಲಿ ಎತ್ತರದಿಂದ ಕೆಳಗೆ ಇಳಿಯುತ್ತದೆ. ಕೊಳವೆಯ ತುದಿ ಕಿರಿದು. ಅಲ್ಲಿಂದ ನೀರು ಜೋರಾಗಿ ಚಿಮ್ಮಿ ಉಕ್ಕಿನ ಚಕ್ರಕ್ಕೆ ಬಡಿಯುತ್ತದೆ. ಈ ಚಕ್ರಕ್ಕೆ ಟರ್ಬೈನು ಅಂತಾರೆ. ಚಕ್ರ ತಿರುಗಿದರೆ ಅದರ ಜೊತೆ ಕರೆಂಟಿನ ಯಂತ್ರವೂ ತಿರುಗುತ್ತದೆ.

ಚಕ್ರದ ಸುತ್ತ ಬಟ್ಟಲುಗಳಿವೆ. ಬಟ್ಟಲು ಯಾಕೆ? ಚಪ್ಪಟೆ ಹಲಗೆ ಸಾಲದೆ?

ನಲ್ಲಿಯ ಕೆಳಗೆ ಸೌಟು ತೊಳೆಯುವಾಗ ನೀರು ನಮ್ಮ ಮುಖಕ್ಕೇ ಎರಚುತ್ತದೆ, ಅಲ್ಲವೆ? ಸೌಟಿನ ಗುಂಡಿ ನೀರನ್ನು ಹಿಂದಕ್ಕೆ ತಿರುಗಿಸುತ್ತದೆ. ಹಾಗೆ ತಿರುಗುವಾಗ ನೀರು ಸೌಟನ್ನು ಹೆಚ್ಚು ಜೋರಾಗಿ ದೂಡುತ್ತದೆ. ಚಪ್ಪಟೆ ಹಲಗೆಗೆ ಬಡಿದ ನೀರು ಸುಮ್ಮನೆ ಸಿಡಿದು ಹೋಗುತ್ತದೆ. ನೀರಿನ ಬಲದಲ್ಲಿ ಅರ್ಧಕ್ಕಿಂತ ಹೆಚ್ಚು ಸಿಗುವುದಿಲ್ಲ.

ಅಮೆರಿಕದಲ್ಲಿ ಲೆಸ್ಟರ್ ಪೆಲ್ಟನ್ ಎಂಬ ಬಡಗಿ ಇದ್ದ. ಅವನು ಎರಡು ಬಟ್ಟಲು ಜೋಡಿಸಿ, ನಡುವೆ ಚೂಪಾದ ಏಣು ಇಟ್ಟ. ನೀರು ಸೀಳಿ, ಎರಡೂ ಕಡೆ ತಿರುಗಿ, ಮೆಲ್ಲಗೆ ಕೆಳಗೆ ಬಿತ್ತು. ಬಲದ ಬಹುಪಾಲು ಚಕ್ರಕ್ಕೇ ಸಿಕ್ಕಿತು. 1880ರಲ್ಲಿ ಇದಕ್ಕೆ ಪೇಟೆಂಟು ಪಡೆದ. ಇಂಥ ಚಕ್ರಗಳೇ ಶರಾವತಿಯಲ್ಲೂ ಇವೆ. ಒಳ್ಳೆಯ ಚಕ್ರಕ್ಕೆ ನೀರಿನ ಬಲದ 100ರಲ್ಲಿ ಸುಮಾರು 90 ಪಾಲು ಸಿಗುತ್ತದೆ.

ಪೆಲ್ಟನ್ ಬಟ್ಟಲು ಮಾಡಿ ಮಾಡಿ ನೋಡಿದ. ಈಗ ಎಂಜಿನಿಯರುಗಳು ಮೊದಲು ಕಂಪ್ಯೂಟರಿನಲ್ಲಿ ನೋಡುತ್ತಾರೆ. ನಾವು ರಂಗೋಲಿಗೆ ಚುಕ್ಕಿ ಇಡುತ್ತೇವಲ್ಲ, ಹಾಗೆಯೇ ನೀರು ಹರಿಯುವ ಜಾಗವನ್ನು ಲಕ್ಷಗಟ್ಟಲೆ ಚಿಕ್ಕ ಮನೆಗಳಾಗಿ ಮಾಡುತ್ತಾರೆ. ಪ್ರತಿ ಮನೆಯಲ್ಲಿ ನೀರಿನ ವೇಗ ಎಷ್ಟು, ಒತ್ತಡ ಎಷ್ಟು? ಕಂಪ್ಯೂಟರು ಲೆಕ್ಕ ಹಾಕುತ್ತದೆ. ನೀರು ಎಲ್ಲಿ ವ್ಯರ್ಥವಾಗಿ ಸಿಡಿಯುತ್ತದೆ ಎಂದು ತಿಳಿಯುತ್ತದೆ. ಬಟ್ಟಲಿನ ಬಾಗು ತುಸು ಬದಲಿಸಿ ಮತ್ತೆ ಲೆಕ್ಕ ಮಾಡುತ್ತಾರೆ. ಚೆನ್ನಾಗಿ ಬಂದದ್ದನ್ನು ಚಿಕ್ಕದಾಗಿ ಮಾಡಿ, ನಿಜವಾದ ನೀರು ಬಿಟ್ಟು ಪರೀಕ್ಷಿಸುತ್ತಾರೆ. ಆಮೇಲೆ ದೊಡ್ಡ ಚಕ್ರ.

100ರಲ್ಲಿ ಒಂದು ಪಾಲು ಹೆಚ್ಚು ಸಿಕ್ಕರೆ ಏನು ಮಹಾ, ಅಂತೀರಾ? ನಾವೂ ಹಾಗೇ ಅಂದೆವು. ಆಗ ಹಿಂದೆ ಕೂತಿದ್ದ ಅಕ್ಕ ಹೇಳಿದರು: "ನಮ್ಮ ಅಮ್ಮನ ತವರೂರು ಆ ಲಿಂಗನಮಕ್ಕಿ ನೀರಲ್ಲೇ ಮುಳುಗಿದ್ದು. ಆ ನೀರು ಒಂದು ಹನಿಯೂ ದಂಡ ಆಗಬಾರದು."

ಯಾರೂ ಮಾತಾಡಲಿಲ್ಲ. ಮಳೆ ಕೈಕೊಟ್ಟ ವರ್ಷವೂ ಇದ್ದ ನೀರಲ್ಲೇ ದೀಪ ಉರಿಯಬೇಕು. ಬಟ್ಟಲಿನ ಬಾಗು ಸರಿಮಾಡುವುದು ಅದಕ್ಕೇ.

ನಾಳೆ ಸೌಟು ತೊಳೆಯುವಾಗ ನೀರು ಹೇಗೆ ತಿರುಗುತ್ತದೆ, ನೋಡಿ. ಮಕ್ಕಳಿಗೂ ತೋರಿಸಿ.