ಹಿರಿಯರ ವಿಮೆಗೆ ಸಲಹೆ ನೀಡುವವರು ಯಾರು?

ಅರವತ್ತೈದು ದಾಟಿದವರಿಗೆ ಹೊಸದಾಗಿ ಆರೋಗ್ಯ ವಿಮೆ ನೀಡಲು ಅಡ್ಡಿಯಾಗಿದ್ದ ವಯೋಮಿತಿಯನ್ನು ವಿಮಾ ನಿಯಂತ್ರಣ ಮತ್ತು ಅಭಿವೃದ್ಧಿ ಪ್ರಾಧಿಕಾರವು 2024ರ ಏಪ್ರಿಲ್‌ನಿಂದ ತೆಗೆದುಹಾಕಿತು. ಮೊದಲೇ ಇರುವ ಕಾಯಿಲೆಗಳಿಗೆ ಕಾಯಬೇಕಾದ ಗರಿಷ್ಠ ಅವಧಿ ನಾಲ್ಕು ವರ್ಷದಿಂದ ಮೂರಕ್ಕೆ ಇಳಿಯಿತು. ಹಿರಿಯ ನಾಗರಿಕರ ಕಂತನ್ನು ವರ್ಷಕ್ಕೆ ಶೇ 10ಕ್ಕಿಂತ ಹೆಚ್ಚು ಏರಿಸುವ ಮುನ್ನ ತನ್ನೊಡನೆ ಸಮಾಲೋಚಿಸಬೇಕೆಂದು ಪ್ರಾಧಿಕಾರ 2025ರ ಜನವರಿಯಲ್ಲಿ ಕಂಪನಿಗಳಿಗೆ ಸೂಚಿಸಿತು. ಅದೇ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಯ ಮೇಲಿದ್ದ ಶೇ 18ರ ಜಿಎಸ್‌ಟಿಯೂ ರದ್ದಾಯಿತು. ಇವೆಲ್ಲ ಸ್ವಾಗತಾರ್ಹ ಕ್ರಮಗಳೇ. ಆದರೆ ಕೊಳ್ಳುವ ಅವಕಾಶ ಹೆಚ್ಚಿದಷ್ಟೂ ಯಾವುದನ್ನು ಕೊಳ್ಳಬೇಕೆಂಬ ಪ್ರಶ್ನೆ ಜಟಿಲವಾಗುತ್ತದೆ. ಅದಕ್ಕೆ ಉತ್ತರ ಹೇಳಿ, ಆ ಉತ್ತರದಿಂದ ತಾನೇನೂ ಗಳಿಸದ ಸಲಹೆಗಾರನಿಗೆ ನಮ್ಮ ವ್ಯವಸ್ಥೆಯಲ್ಲಿ ಸ್ಥಾನವೇ ಇಲ್ಲ.

ಹಳೆಯ ಕಾರುಗಳ ಮಾರುಕಟ್ಟೆಯನ್ನು ಕುರಿತು ಜಾರ್ಜ್ ಅಕರ್ಲಾಫ್ 1970ರಲ್ಲಿ ಬರೆದ ಪ್ರಬಂಧವನ್ನು ಅರ್ಥಶಾಸ್ತ್ರದ ವಿದ್ಯಾರ್ಥಿಗಳೆಲ್ಲ ಓದಿರುತ್ತಾರೆ. ಅರವತ್ತೈದು ಮೀರಿದವರಿಗೆ ವೈದ್ಯಕೀಯ ವಿಮೆ ದುರ್ಲಭವಾಗಿರುವುದನ್ನು ಅವರು ಅದರಲ್ಲಿ ಉದಾಹರಣೆಯಾಗಿ ಎತ್ತಿಕೊಂಡಿದ್ದರು. ಕೊಳ್ಳುವವನಿಗೆ ತನ್ನ ಕಾಯಿಲೆಯ ಬಗ್ಗೆ ಗೊತ್ತಿರುವಷ್ಟು ಕಂಪನಿಗೆ ಗೊತ್ತಿರುವುದಿಲ್ಲ ಎಂಬುದು ಆ ವಾದದ ತಿರುಳು. ವಾದ ಸರಿಯೇ. ಆದರೆ ಪಾಲಿಸಿಯ ಷರತ್ತುಗಳ ಮಟ್ಟಿಗೆ ಸ್ಥಿತಿ ತಿರುಗುಮುರುಗು: ಅಲ್ಲಿ ಎಲ್ಲವನ್ನೂ ಬಲ್ಲದ್ದು ಕಂಪನಿ, ಏನೂ ತಿಳಿಯದವರು ಕೊಳ್ಳುವವರು.

ನಿವೃತ್ತನಾದ ಮೇಲೆ ನೆರೆಹೊರೆಯವರು ತಮ್ಮ ಪಾಲಿಸಿ ಕಾಗದಗಳನ್ನು ತಂದು ನನ್ನ ಮುಂದೆ ಹರಡುವುದುಂಟು. ಸರ್ಕಾರಿ ಕಡತ ಓದಿದವನಿಗೆ ಇದೂ ಅರ್ಥವಾದೀತೆಂಬ ನಂಬಿಕೆ ಅವರದು. ಬಹುತೇಕರು ನೋಡಿರುವುದು ವಿಮಾ ಮೊತ್ತ ಮತ್ತು ಕಂತು, ಇವೆರಡನ್ನೇ. ಹಿರಿಯರಿಗೆ ಪೆಟ್ಟು ಬೀಳುವುದು ಬೇರೆಡೆ. ಐದು ಲಕ್ಷದ ಪಾಲಿಸಿಯಲ್ಲಿ ಕೊಠಡಿ ಬಾಡಿಗೆಯ ಮಿತಿ ಶೇ 1, ಅಂದರೆ ದಿನಕ್ಕೆ 5,000 ರೂಪಾಯಿ ಎಂದುಕೊಳ್ಳಿ. ರೋಗಿ 10,000 ರೂಪಾಯಿಯ ಕೊಠಡಿಗೆ ಸೇರಿದರೆ ಬಾಡಿಗೆಯ ವ್ಯತ್ಯಾಸವನ್ನಷ್ಟೇ ಕೈಯಿಂದ ಕೊಟ್ಟರೆ ಸಾಕೆಂದು ಎಲ್ಲರೂ ಭಾವಿಸುತ್ತಾರೆ. ವಾಸ್ತವವಾಗಿ, ಇಂಥ ಪಾಲಿಸಿಗಳಲ್ಲಿ ವೈದ್ಯರ ಶುಲ್ಕ, ಶಸ್ತ್ರಚಿಕಿತ್ಸಾ ಕೊಠಡಿಯ ಶುಲ್ಕ ಮುಂತಾದವೂ ಅದೇ ಪ್ರಮಾಣದಲ್ಲಿ ಕಡಿತವಾಗುತ್ತವೆ. ಔಷಧ, ತಪಾಸಣೆಗಳಿಗೆ ಈ ಕಡಿತವಿಲ್ಲ. ಆ ಶುಲ್ಕಗಳು ಎರಡು ಲಕ್ಷವಾಗಿದ್ದರೆ ಕಂಪನಿ ಲೆಕ್ಕಕ್ಕೆ ಹಿಡಿಯುವುದು ಒಂದು ಲಕ್ಷ. ಅದರ ಮೇಲೆ ಶೇ 20ರ ಸಹಪಾವತಿಯ ಷರತ್ತಿದ್ದರೆ ಕೈಸೇರುವುದು 80 ಸಾವಿರ. ಕಡಿಮೆ ಕಂತಿನ ರಹಸ್ಯ ಅನೇಕ ವೇಳೆ ಇದೇ.

ಇದಕ್ಕಿಂತ ಗಂಭೀರವಾದದ್ದು ಅರ್ಜಿ ನಮೂನೆಯ ವಿಷಯ. ನಮ್ಮ ಬಡಾವಣೆಯ ನಿವೃತ್ತ ಶಿಕ್ಷಕಿಯೊಬ್ಬರ ಅರ್ಜಿಯನ್ನು ತುಂಬಿದವನು ಏಜೆಂಟ್. ಅವರು ಸಹಿ ಮಾತ್ರ ಹಾಕಿದ್ದರು. ಹನ್ನೆರಡು ವರ್ಷಗಳಿಂದ ಅವರಿಗೆ ಸಕ್ಕರೆ ಕಾಯಿಲೆ. ಅರ್ಜಿಯಲ್ಲಿ ಮಾತ್ರ ‘ಇಲ್ಲ’ ಎಂದಿತ್ತು. ಎರಡನೆಯ ವರ್ಷ ಹೃದಯದ ಚಿಕಿತ್ಸೆಗೆ ಸಲ್ಲಿಸಿದ ಕ್ಲೇಮು, ವಿಷಯ ಮುಚ್ಚಿಟ್ಟ ಕಾರಣಕ್ಕೆ ತಿರಸ್ಕೃತವಾಯಿತು. ಸತತ ಐದು ವರ್ಷ ಪಾಲಿಸಿ ಮುಂದುವರಿದಿದ್ದರೆ, ವಂಚನೆ ಸಾಬೀತಾದ ಹೊರತು ಕಂಪನಿ ಆ ಆಕ್ಷೇಪ ಎತ್ತುವಂತಿಲ್ಲ ಎಂಬುದು ಈಗಿನ ನಿಯಮ. ಅವರಿಗೆ ಅಷ್ಟು ಸಮಯ ಸಿಗಲಿಲ್ಲ. ಭವಿಷ್ಯನಿಧಿಯಿಂದ ಬಂದು ಬ್ಯಾಂಕಿನಲ್ಲಿದ್ದ ಠೇವಣಿಯನ್ನು ಅವಧಿಗೆ ಮುನ್ನವೇ ಮುರಿಯಬೇಕಾಯಿತು.

ಏಜೆಂಟರೆಲ್ಲ ಮೋಸಗಾರರೆಂದು ನಾನು ಹೇಳುತ್ತಿಲ್ಲ. ಆದರೆ ಕಾನೂನಿನ ಪ್ರಕಾರ ಏಜೆಂಟ್ ಕಂಪನಿಯ ಪ್ರತಿನಿಧಿ. ಬ್ರೋಕರ್ ಗ್ರಾಹಕನ ಪ್ರತಿನಿಧಿಯಾದರೂ ಅವನ ಕಮಿಷನ್ ಬರುವುದು ಕಂಪನಿಯಿಂದಲೇ. ಇನ್ನು ಮಕ್ಕಳಿದ್ದಾರಲ್ಲ ಎನ್ನಬಹುದು. ದೂರದ ಊರಿನಲ್ಲಿರುವ ಮಗ ಮೊಬೈಲಿನಲ್ಲಿ ಕಂತುಗಳನ್ನು ಹೋಲಿಸಿ ನೋಡಬಲ್ಲ. ತಂದೆ ಯಾವ ಮಾತ್ರೆ ನುಂಗುತ್ತಿದ್ದಾರೆಂಬುದು ಅವನಿಗೆ ತಿಳಿದಿರುವುದು ಅಪರೂಪ.

ಅಮೆರಿಕದಲ್ಲಿ ಅರವತ್ತೈದು ದಾಟಿದವರಿಗೆ ಮೆಡಿಕೇರ್ ಎಂಬ ಸರ್ಕಾರಿ ವಿಮೆ ಇದೆ. ಅದರ ಆಯ್ಕೆಗಳೂ ಗೋಜಲೇ. ಆದ್ದರಿಂದ 1990ರ ಕಾಯ್ದೆಯೊಂದರ ಮೂಲಕ ರಾಜ್ಯಗಳಿಗೆ ಅನುದಾನ ನೀಡಿ ಉಚಿತ ಸಲಹಾ ಸೇವೆಯನ್ನು ಅಲ್ಲಿ ಆರಂಭಿಸಲಾಯಿತು. ತರಬೇತಿ ಪಡೆದ ಸ್ವಯಂಸೇವಕರೂ ಸಲಹೆಗಾರರಾಗಿ ಕೂರುತ್ತಾರೆ, ಏನನ್ನೂ ಮಾರುವುದಿಲ್ಲ. ಆ ದೇಶದ ಆರೋಗ್ಯ ವ್ಯವಸ್ಥೆಯಿಂದ ನಾವು ಅನುಕರಿಸಬೇಕಾದದ್ದು ಕಡಿಮೆ, ಆದರೆ ಇದು ಅನುಕರಣೀಯ.

ನಮ್ಮಲ್ಲಿಯೂ ಇದಕ್ಕೆ ಹೊಸ ಇಲಾಖೆ ಬೇಕಿಲ್ಲ. ಹಿರಿಯರಿಗಾಗಿ 14567 ಸಹಾಯವಾಣಿ ಇದೆ. ಬ್ಯಾಂಕು, ವಿಮೆ, ಖಜಾನೆಗಳಿಂದ ನಿವೃತ್ತರಾದ, ಲೆಕ್ಕ ಬಲ್ಲವರು ಪ್ರತಿ ಊರಿನಲ್ಲೂ ಇದ್ದಾರೆ. ಅವರಿಗೆ ಒಂದಿಷ್ಟು ತರಬೇತಿ ಕೊಟ್ಟು, ಯಾವ ಕಂಪನಿಯಿಂದಲೂ ಬಿಡಿಗಾಸು ಪಡೆಯುವುದಿಲ್ಲವೆಂಬ ಮುಚ್ಚಳಿಕೆ ಬರೆಸಿಕೊಂಡರಾಯಿತು. ಪಾಲಿಸಿಯ ಸಾರವನ್ನು ಸರಳವಾಗಿ ತಿಳಿಸುವ ಮಾಹಿತಿ ಪತ್ರವನ್ನು ಕೇಳಿದರೆ ಕನ್ನಡದಲ್ಲೇ ಕೊಡಬೇಕೆಂಬ ನಿಯಮವಿದೆ, ಕೇಳುವವರಿಲ್ಲ. ಒಪ್ಪಿಗೆಯಾಗದಿದ್ದರೆ ಹೊಸ ಪಾಲಿಸಿಯನ್ನು 30 ದಿನಗಳೊಳಗೆ ಹಿಂತಿರುಗಿಸಬಹುದು. ಅದೂ ಹಲವರಿಗೆ ಗೊತ್ತಿಲ್ಲ. 2024ರ ಅಕ್ಟೋಬರ್‌ನಲ್ಲಿ ಎಪ್ಪತ್ತು ತುಂಬಿದವರೆಲ್ಲರಿಗೂ ಆಯುಷ್ಮಾನ್ ಭಾರತ್ ವಿಸ್ತರಣೆಯಾದಾಗ, ಕೇಂದ್ರ ಸರ್ಕಾರದ ಆರೋಗ್ಯ ಯೋಜನೆಯಲ್ಲಿರುವವರು ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕೆಂದೂ ಖಾಸಗಿ ಪಾಲಿಸಿ ಉಳ್ಳವರು ಎರಡನ್ನೂ ಇಟ್ಟುಕೊಳ್ಳಬಹುದೆಂದೂ ಗೊತ್ತುಪಡಿಸಲಾಯಿತು. ಇದನ್ನು ಬಿಡಿಸಿ ಹೇಳಲು ಅರ್ಧ ಗಂಟೆ ಸಾಕು.

ಕ್ಲೇಮು ತಿರಸ್ಕೃತವಾದ ಮೇಲೆ ಬೆಂಗಳೂರಿನಲ್ಲಿರುವ ವಿಮಾ ಒಂಬುಡ್ಸ್‌ಮನ್ ಬಳಿ ದೂರು ಕೊಡಬಹುದು. ಶುಲ್ಕವಿಲ್ಲ, ವಕೀಲರೂ ಬೇಡ. ಆದರೆ ಅದು ಪೆಟ್ಟು ಬಿದ್ದ ನಂತರದ ಮಾತು. ನವೆಂಬರ್‌ನಲ್ಲಿ ಜೀವಿತ ಪ್ರಮಾಣಪತ್ರ ಸಲ್ಲಿಸಲು ಪಿಂಚಣಿದಾರರು ಬ್ಯಾಂಕುಗಳಿಗೆ ಬರುತ್ತಾರೆ. ಅಲ್ಲಿಯೇ ಒಂದು ಮೇಜು, ಎರಡು ಕುರ್ಚಿ ಹಾಕಿ ಈ ಕೆಲಸವನ್ನು ಆರಂಭಿಸಬಹುದು.