ಕವೆಗೋಲು ಯಾರ ಮಾತು ಕೇಳುತ್ತದೆ?

ಕವೆಗೋಲು ಹಿಡಿದು ಅಂತರ್ಜಲ ಹುಡುಕುವ ಪದ್ಧತಿ ಅನಾದಿಯದೆಂದು ಹೇಳುವವರಿದ್ದಾರೆ. ಆದರೆ ಕೋಲಿನ ವಿವರವಾದ ಚಿತ್ರಣವಿರುವ ಪ್ರಸಿದ್ಧ ಗ್ರಂಥ 1556ರದು. ಬರೆದವನು ಜರ್ಮನಿಯ ಅಗ್ರಿಕೋಲಾ. ಅಲ್ಲಿ ಗಣಿಯವರು ಹುಡುಕುತ್ತಿದ್ದುದು ನೀರನ್ನಲ್ಲ, ಅದಿರನ್ನು. ಜಾಣ ಗಣಿಗಾರನಿಗೆ ಕೋಲು ಬೇಡ, ನೆಲದ ಗುರುತುಗಳೇ ಸಾಕು ಎಂಬುದು ಅವನ ನಿಲುವು. ಅದಕ್ಕೂ ಸುಮಾರು ಸಾವಿರ ವರ್ಷ ಮೊದಲೇ ನಮ್ಮ ವರಾಹಮಿಹಿರ 'ಬೃಹತ್ಸಂಹಿತೆ'ಯಲ್ಲಿ ನೀರಿನ ಸುಳಿವಿಗೆ ನೆಚ್ಚಿದ್ದು ಮರ, ಹುತ್ತ, ಮಣ್ಣು, ಕಲ್ಲುಗಳನ್ನು. ಅವನ ಊಹೆಗಳೆಲ್ಲ ಸರಿಯೆಂದಲ್ಲ. ನೋಡಿದ್ದು ನೆಲವನ್ನು, ಅಷ್ಟೇ.

ಹಾಗಾದರೆ ಕೋಲು ಬಾಗುವುದು ಸುಳ್ಳೇ? ಅಲ್ಲ, ಬಾಗುತ್ತದೆ. ಬಿಗಿಹಿಡಿದ ಕವೆ ಮಣಿಕಟ್ಟು ತುಸು ತಿರುಗಿದರೂ ಎಗರುತ್ತದೆ. ನಿರೀಕ್ಷೆಯೇ ಅರಿವಿಲ್ಲದೆ ಸ್ನಾಯುಗಳನ್ನು ಅಲುಗಿಸಬಲ್ಲದೆಂದು 1852ರಲ್ಲೇ ಶರೀರಶಾಸ್ತ್ರಜ್ಞ ವಿಲಿಯಂ ಕಾರ್ಪೆಂಟರ್ ವಿವರಿಸಿದ್ದ. ಹಿಡಿದವನು ಮೋಸಗಾರನಾಗಬೇಕಿಲ್ಲ. 'ತೋರಿಸಿದಲ್ಲಿ ನೀರು ಬಿತ್ತಲ್ಲ' ಎನ್ನಬಹುದು. ಪಕ್ಕದಲ್ಲಿ ಕೊರೆದಿದ್ದರೆ ಬೀಳುತ್ತಿರಲಿಲ್ಲವೆಂದು ತಿಳಿಯುವುದು ಹೇಗೆ? ಬತ್ತಿದ ಬೋರ್‌ವೆಲ್‌ಗಳ ಕಥೆಯನ್ನಂತೂ ಯಾರೂ ಹೇಳಿಕೊಂಡು ತಿರುಗುವುದಿಲ್ಲ. 1980ರ ದಶಕದ ಕೊನೆಯಲ್ಲಿ ಮ್ಯೂನಿಕ್ ಬಳಿ ಕಣಜದ ಕೆಳಮಹಡಿಯಲ್ಲಿ ನೀರಿನ ಕೊಳವೆ ಸರಿಸುತ್ತ, ಮೇಲ್ಮಹಡಿಯಲ್ಲಿ ಕೋಲು ಹಿಡಿಯುವ ಆಯ್ದ 43 ಮಂದಿಯನ್ನು 843 ಬಾರಿ ಪರೀಕ್ಷಿಸಲಾಯಿತು. ಕೆಲವರಿಗೆ ಶಕ್ತಿಯಿದೆಯೆಂದರು ಆಯೋಜಕರು. ಅಂಕಿಗಳನ್ನು ಮತ್ತೆ ಜಾಲಾಡಿದ ವಿಜ್ಞಾನಿ ಜಿಮ್ ಎನ್‌ರೈಟ್‌ಗೆ ಕಂಡದ್ದು ಬರೀ ಆಕಸ್ಮಿಕ. ಒಮ್ಮೆ ಗೆದ್ದವರು ಮರುಪರೀಕ್ಷೆಯಲ್ಲಿ ಮತ್ತೆ ಗೆಲ್ಲಲಿಲ್ಲ.